ಕಾದಂಬರಿಕಾರ ಓದುವಾಗ ಮುಂದಿನ ಸಾಲಿನಲ್ಲಿ ಯಾರಿದ್ದರು?

ಹೋದ ವರ್ಷ ನಮ್ಮ ಜಿಲ್ಲಾ ಕೇಂದ್ರಕ್ಕೆ ನಮ್ಮ ಇಷ್ಟದ ಕಾದಂಬರಿಕಾರರೊಬ್ಬರು ಬಂದಿದ್ದರು. ಹೊಸ ಕಾದಂಬರಿಯ ಒಂದು ಭಾಗವನ್ನು ಅವರೇ ಓದುತ್ತಾರೆ ಎಂದು ಆಮಂತ್ರಣ ಪತ್ರಿಕೆಯಲ್ಲಿತ್ತು. ನಾವು ಸುದ್ದಿಗೆ ಹೋದವರು, ಹಾಗಾಗಿ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು. ನಮ್ಮೂರಿನ ಅಕ್ಕ ಒಬ್ಬರೂ ಬಂದಿದ್ದರು. ಪಂಚಾಯಿತಿ ಲೈಬ್ರರಿಯಿಂದ ಆ ಲೇಖಕರ ಹಳೆಯ ಕಾದಂಬರಿ ತಂದು ಎರಡು ಸಲ ಓದಿದವರು. ಅವರಿಗೆ ಕುರ್ಚಿ ಸಿಗಲಿಲ್ಲ. ಬಾಗಿಲ ಬಳಿ ನಿಂತರು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಗಣ್ಯರ ಭಾಷಣ ಎಲ್ಲ ಮುಗಿದು ಲೇಖಕರು ಪುಸ್ತಕ ತೆರೆಯುವ ಹೊತ್ತಿಗೆ ಊರಿನ ಕೊನೆಯ ಬಸ್ಸಿನ ಸಮಯವಾಗಿತ್ತು. ಅಕ್ಕ ಹೊರಟುಹೋದರು.

ಆ ಸಂಜೆ ನಮ್ಮ ತಲೆಯಿಂದ ಹೋಗಲಿಲ್ಲ. ಬರೆದವರೇ ಜನರ ಮುಂದೆ ನಿಂತು ಓದುವ ಕಾರ್ಯಕ್ರಮಗಳು ಹಿಂದೆ ಹೇಗಿದ್ದವು, ಅಲ್ಲಿ ಜಾಗ ಯಾರಿಗೆ ಸಿಗುತ್ತಿತ್ತು ಎಂದು ಹುಡುಕುತ್ತ ಹೋದೆವು. ಹೋಗಿ ನಿಂತದ್ದು ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ ಹತ್ತಿರ.

ಡಿಕನ್ಸ್ ಶ್ರೀಮಂತರ ಮನೆಯ ಮಗನಲ್ಲ. 1824ರಲ್ಲಿ ತಂದೆ ಸಾಲ ತೀರಿಸಲಾಗದೆ ಜೈಲು ಸೇರಿದರು. 12 ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಿಂತ. ಮುಂದೆ ಶೀಘ್ರಲಿಪಿ ಕಲಿತು ಸಂಸತ್ತಿನ ವರದಿಗಾರನಾದ. ಅಂದರೆ ನಮ್ಮದೇ ಕಸುಬು! ಆಮೇಲೆ ಬರೆದ ಕಾದಂಬರಿಗಳಲ್ಲಿ ಹಲವು ತಿಂಗಳಿಗೊಂದು ಕಂತಿನಂತೆ ಬಂದವು. ಒಂದು ಕಂತಿಗೆ ಒಂದು ಶಿಲಿಂಗ್. ನಮ್ಮ ಅಜ್ಜಂದಿರ ಕಾಲದಲ್ಲಿ ಜಗಲಿಯ ಮೇಲೆ ಒಬ್ಬರು ಜೈಮಿನಿ ಭಾರತ ಓದಿದರೆ ಹತ್ತು ಜನ ಕೇಳುತ್ತಿದ್ದರಲ್ಲ, ಅಲ್ಲಿಯೂ ಹಾಗೆಯೇ. ಓದು ಬಾರದವರು ಬಂದವರ ಬಾಯಿಂದ ಕೇಳಿಸಿಕೊಳ್ಳುತ್ತಿದ್ದರು.

1853ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಂದು ಶಿಕ್ಷಣ ಸಂಸ್ಥೆ ಕಟ್ಟಲು ಹಣ ಬೇಕಿತ್ತು. ಡಿಕನ್ಸ್ ಮೂರು ದಿನ ತಮ್ಮ ಕತೆ ಓದಲು ಒಪ್ಪಿದರು. ಒಂದು ಕೋರಿಕೆ ಮಾತ್ರ ಇಟ್ಟರು: ಒಂದು ದಿನ ದುಡಿಯುವ ಜನರಿಗೇ ಮೀಸಲಾಗಬೇಕು, ಅವತ್ತಿನ ಟಿಕೆಟ್ ಆರು ಪೆನ್ಸ್ ಇರಬೇಕು. ಅಂದರೆ ಅರ್ಧ ಶಿಲಿಂಗ್. ಅವರ ಕಾದಂಬರಿಯ ಒಂದು ಕಂತಿನ ಅರ್ಧ ಬೆಲೆ.

ಡಿಸೆಂಬರ್ 30ರ ರಾತ್ರಿ ಟೌನ್ ಹಾಲ್ ತುಂಬಿತು. ಸುಮಾರು 2,500 ಜನ. ಓದಿದ್ದು ‘ಎ ಕ್ರಿಸ್‌ಮಸ್ ಕ್ಯಾರಲ್’, ಜಿಪುಣ ಮುದುಕನೊಬ್ಬನ ಮನಸ್ಸು ಒಂದೇ ರಾತ್ರಿಯಲ್ಲಿ ಕರಗುವ ಕತೆ. ಓದುವ ಮೊದಲು ಡಿಕನ್ಸ್ ಆ ಜನರಿಗೆ ಎರಡು ವಿಷಯ ಹೇಳಿದರು. ಸಂಸ್ಥೆಯ ಆಡಳಿತದಲ್ಲಿ ಕೆಲಸಗಾರರಿಗೂ ಪಾಲಿರಬೇಕು ಎಂಬುದು ಒಂದು. ನಗು ಬಂದರೆ ನಗಿ, ಅಳು ಬಂದರೆ ಅಳಿ, ನನಗೆ ತೊಂದರೆಯಾಗುತ್ತದೆ ಎಂದು ತಡೆದುಕೊಳ್ಳಬೇಡಿ ಎಂಬುದು ಇನ್ನೊಂದು. ಜನ ಹಾಗೆಯೇ ಮಾಡಿದರು. ಇದು ಡಿಕನ್ಸ್‌ಗೂ ಹೊಸದು. ಬರೆದ ಸಾಲಿಗೆ ಎದುರು ಕೂತವರ ಮುಖ ಬದಲಾಗುವುದನ್ನು ನೋಡುವ ರುಚಿ ಹತ್ತಿತು.

1858ರ ಏಪ್ರಿಲ್‌ನಲ್ಲಿ ಅವರು ದುಡ್ಡಿಗಾಗಿಯೂ ಓದಲು ಶುರು ಮಾಡಿದರು. ಹತ್ತಿರದ ಗೆಳೆಯ ಜಾನ್ ಫಾರ್ಸ್ಟರ್‌ಗೆ ಇದು ಹಿಡಿಸಲಿಲ್ಲ. ಮರ್ಯಾದಸ್ಥ ಲೇಖಕ ವೇದಿಕೆ ಹತ್ತಿ ಹಣಕ್ಕಾಗಿ ಓದುವುದು ತಕ್ಕದ್ದಲ್ಲ ಎಂಬುದು ಅವರ ವಾದ. ಡಿಕನ್ಸ್ ಕೇಳಲಿಲ್ಲ. ಆದರೆ ಐದು ಶಿಲಿಂಗ್ ಕೊಡುವವರ ಜೊತೆಗೆ ಒಂದು ಶಿಲಿಂಗ್ ಕೊಡುವವರಿಗೂ ಸಭೆಯಲ್ಲಿ ಜಾಗ ಇಡಿಸಿದರು.

ಅವರು ಬರೀ ಪುಸ್ತಕ ನೋಡಿ ಓದುತ್ತಿರಲಿಲ್ಲ. ಒಂದೊಂದು ಪಾತ್ರಕ್ಕೆ ಒಂದೊಂದು ದನಿ, ಒಂದೊಂದು ಮುಖ. ಹಿಂದೆ ಕಡುಗೆಂಪು ಪರದೆ, ಮುಖದ ಮೇಲೆ ಬೀಳುವ ಗ್ಯಾಸ್ ದೀಪ, ತಾವೇ ಹೇಳಿ ಮಾಡಿಸಿದ ಪುಟ್ಟ ಮೇಜು. ಅಷ್ಟೇ ಸಲಕರಣೆ.

1867ರ ಡಿಸೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಅಮೆರಿಕದಲ್ಲಿ 76 ಸಲ ಓದಿದರು. ಟಿಕೆಟ್ ಎರಡು ಡಾಲರ್. ಕೊರೆಯುವ ಚಳಿಯಲ್ಲಿ ಜನ ಹಿಂದಿನ ರಾತ್ರಿಯೇ ಹಾಸಿಗೆ ತಂದು ಸಾಲಿನಲ್ಲಿ ಮಲಗಿದರು. ಬ್ರೂಕ್ಲಿನ್‌ನಲ್ಲಿ ಬೀದಿಯಲ್ಲೇ ಬೆಂಕಿ ಹಾಕಿಕೊಂಡರು. ಆ ಸಾಲಿನಲ್ಲಿ ಓದುಗರಷ್ಟೇ ಇರಲಿಲ್ಲ, ದಲ್ಲಾಳಿಗಳೂ ಇದ್ದರು. ಅವರು ಟಿಕೆಟ್ ಕೊಂಡು ಬ್ಲ್ಯಾಕ್‌ನಲ್ಲಿ ಹಲವು ಪಟ್ಟು ಬೆಲೆಗೆ ಮಾರಿದರು. ಡಿಕನ್ಸ್ ಮ್ಯಾನೇಜರ್ ಜಾರ್ಜ್ ಡಾಲ್ಬಿ ಏನೇ ಮಾಡಿದರೂ ಅದನ್ನು ನಿಲ್ಲಿಸಲಾಗಲಿಲ್ಲ. ಖರ್ಚು ಕಳೆದು ಡಿಕನ್ಸ್‌ಗೆ ಉಳಿದದ್ದು ಸುಮಾರು 19 ಸಾವಿರ ಪೌಂಡ್. ಆರು ಪೆನ್ಸ್ ರಾತ್ರಿಯಿಂದ ಅವರು ಬಹಳ ದೂರ ಬಂದಿದ್ದರು.

ನ್ಯೂಯಾರ್ಕ್‌ನಲ್ಲಿ ಅವರನ್ನು ಕೇಳಲು ಬಂದವರಲ್ಲಿ 32 ವರ್ಷದ ಒಬ್ಬ ಸುದ್ದಿಗಾರ ಇದ್ದ. ಹೆಸರು ಮಾರ್ಕ್ ಟ್ವೇನ್. ಮುಂದೆ ಮದುವೆಯಾಗಲಿದ್ದ ಹುಡುಗಿಯ ಜೊತೆ ಬಂದಿದ್ದ. ಆದರೂ ಸಂತೋಷದಲ್ಲಿ ತೇಲಿಹೋಗದೆ, ನನಗೆ ನಿರಾಸೆಯಾಯಿತು, ದನಿಯಲ್ಲಿ ಏರಿಳಿತವಿಲ್ಲ ಎಂದು ಕ್ಯಾಲಿಫೋರ್ನಿಯಾದ ತನ್ನ ಪತ್ರಿಕೆಗೆ ಬರೆದು ಕಳಿಸಿದ. ಎಲ್ಲರೂ ಹೊಗಳುವಾಗ ಕಂಡದ್ದನ್ನೇ ಬರೆದ ಈ ವರದಿಗಾರ ನಮಗೆ ಇಷ್ಟವಾದ. ಆದರೆ ಇನ್ನೂ ಇಷ್ಟವಾದದ್ದು, ಸಭೆಗೆ ಹೋಗಲಾಗದ ಒಬ್ಬ ಹುಡುಗಿಯ ಕತೆ.

ಅವಳು ಕೇಟ್. 11 ವರ್ಷ. ಮೇನ್ ರಾಜ್ಯದ ಹಾಲಿಸ್ ಎಂಬ ಹಳ್ಳಿಯವಳು. ಅವರ ಮನೆಯಲ್ಲಿ ಸಾಕುಪ್ರಾಣಿಗಳಿಗೂ ಡಿಕನ್ಸ್ ಪಾತ್ರಗಳ ಹೆಸರು! 1868ರ ಮಾರ್ಚ್‌ನಲ್ಲಿ ಪೋರ್ಟ್‌ಲೆಂಡ್ ಊರಿಗೆ ಡಿಕನ್ಸ್ ಬಂದಾಗ ಅವಳ ತಾಯಿ ಓದು ಕೇಳಲು ಹೋದರು. ಟಿಕೆಟ್ ದುಬಾರಿ, ಮಗುವನ್ನು ಕರೆದೊಯ್ಯಲಿಲ್ಲ. ಮರುದಿನ ತಾಯಿ ಮಗಳು ರೈಲು ಹತ್ತಿದರೆ ಅದೇ ರೈಲಿನಲ್ಲಿ ಡಿಕನ್ಸ್! ಹುಡುಗಿ ಮೆಲ್ಲಗೆ ಹೋಗಿ ಅವರ ಪಕ್ಕದಲ್ಲೇ ಕೂತಳು. ನಿಮ್ಮ ಪುಸ್ತಕಗಳನ್ನೆಲ್ಲ ಮತ್ತೆ ಮತ್ತೆ ಓದಿದ್ದೇನೆ, ಬೇಸರದ ಭಾಗಗಳನ್ನು ಮಾತ್ರ ಬಿಟ್ಟುಬಿಡುತ್ತೇನೆ ಎಂದಳು. ಡಿಕನ್ಸ್ ಜೋರಾಗಿ ನಕ್ಕು, ಯಾವ ಯಾವ ಭಾಗ ಬೇಸರ ಹೇಳು ಎಂದು ಅವಳನ್ನೇ ಕೇಳುತ್ತ ಕೂತರು. ಈ ಹುಡುಗಿ ಮುಂದೆ ಕೇಟ್ ಡಗ್ಲಸ್ ವಿಗಿನ್ ಎಂಬ ಹೆಸರಾಂತ ಲೇಖಕಿಯಾದಳು. ಈ ಪ್ರಯಾಣದ ಕತೆಯನ್ನು 1912ರಲ್ಲಿ ಪುಸ್ತಕವಾಗಿ ಬರೆದಳು.

ಊರಿಗೆ ಮರಳಿದ ಡಿಕನ್ಸ್ 1869ರ ಜನವರಿಯಿಂದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯ ಕೊಲೆಯ ದೃಶ್ಯವನ್ನು ಸಭೆಗಳಲ್ಲಿ ಓದಲು ಹಿಡಿದರು. ಜನ ಹೆದರಿ ನಡುಗುತ್ತಿದ್ದರು. ಓದಿದವರ ದೇಹವೂ ಸೋಲುತ್ತಿತ್ತು. ಸಾಮಾನ್ಯವಾಗಿ 72 ಇದ್ದ ನಾಡಿಬಡಿತ ಆ ಓದಿನ ನಂತರ 124ಕ್ಕೆ ಏರಿದ್ದೂ ಉಂಟು. ಅದೇ ಏಪ್ರಿಲ್‌ನಲ್ಲಿ ವೈದ್ಯರು ಪ್ರವಾಸ ನಿಲ್ಲಿಸಿದರು. 1870ರ ಮಾರ್ಚ್ 15ರಂದು ಲಂಡನ್ನಿನಲ್ಲಿ ಕೊನೆಯ ಸಲ ಓದಿದರು. ಅಂದು ಆರಿಸಿಕೊಂಡದ್ದರಲ್ಲಿ ಒಂದು, ಬರ್ಮಿಂಗ್‌ಹ್ಯಾಮ್ ಕೆಲಸಗಾರರಿಗೆ ಓದಿದ ಅದೇ ಕ್ರಿಸ್‌ಮಸ್ ಕತೆ. ಮೂರು ತಿಂಗಳೊಳಗೆ, ಜೂನ್ 9ರಂದು, 58ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ತಿಳಿದ ಮೇಲೆ ನಮಗೆ ಅನಿಸಿದ್ದು ಇದು. ಬರೆದವರು ಓದುವುದು ಸನ್ಮಾನದ ಸಭೆಯಲ್ಲ. ಬರೆದವರೂ ಓದಿದವರೂ ಒಬ್ಬರ ಮುಖ ಒಬ್ಬರು ನೋಡುವ ಹೊತ್ತು ಅದು. ಟಿಕೆಟ್ ದರ, ಕಾರ್ಯಕ್ರಮದ ಸಮಯ, ಕುರ್ಚಿಯ ಸಾಲು ಇವೆಲ್ಲ ಸಣ್ಣ ವಿಷಯ ಎನಿಸಬಹುದು. ಆದರೆ ಆ ಮುಖಗಳಲ್ಲಿ ಯಾರದು ಇರಬೇಕು ಎಂದು ತೀರ್ಮಾನಿಸುವುದು ಅವೇ. ನಮ್ಮಲ್ಲಿ ಟಿಕೆಟ್ ಇರುವುದಿಲ್ಲ, ನಿಜ. ಕೊನೆಯ ಬಸ್ಸು ತಪ್ಪಿಸಿಕೊಳ್ಳುವುದೇ ಹಳ್ಳಿಯವರು ಕೊಡಬೇಕಾದ ಬೆಲೆ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಮೊದಲು ಓದಿಸಿ, ಭಾಷಣ ಆಮೇಲೆ ಇಟ್ಟುಕೊಂಡರೆ ಆ ಬೆಲೆ ಅರ್ಧ ಇಳಿಯುತ್ತದೆ.

ನಮ್ಮ ತಪ್ಪೂ ಒಂದಿದೆ, ಹೇಳಿಬಿಡುತ್ತೇವೆ. ಮರುದಿನ ಆ ಅಕ್ಕ ಫೋನ್ ಮಾಡಿ, ‘ನಾನು ಬಂದ್ಮೇಲೆ ಅವರು ಏನು ಓದಿದ್ರಪ್ಪಾ?’ ಎಂದು ಕೇಳಿದರು. ನೋಟ್‌ಬುಕ್ ತೆಗೆದು ನೋಡಿದೆವು. ವೇದಿಕೆಯಲ್ಲಿದ್ದ ಎಲ್ಲರ ಹೆಸರು, ಹುದ್ದೆ ತಪ್ಪಿಲ್ಲದೆ ಇತ್ತು. ಓದಿದ್ದು ಏನು ಎಂಬುದು ಒಂದು ಸಾಲೂ ಇರಲಿಲ್ಲ.