ಬೆದೆಯ ನೆಲ: ಗರ್ಭಕೋಶದ ಒಳಪದರದ ಅಧ್ಯಯನ ನಡೆದು ಬಂದ ದಾರಿ

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವುದು ಇಲ್ಲೇ. ಈ ಸೀಮೆಯ ಎರೆಹೊಲದಲ್ಲಿ ಮಳೆ ನಂಬಿ ಹಿಂಗಾರಿ ಜೋಳ ಬಿತ್ತುವವರಿಗೆ ಸಿಗುವುದು ಕೆಲವೇ ದಿನ. ಅವಸರಪಟ್ಟರೆ ಕೂರಿಗೆಗೆ ಕೆಸರು ಮೆತ್ತುತ್ತದೆ, ತಡಮಾಡಿದರೆ ನೆಲ ಬಿರಿಯುತ್ತದೆ. ಬಿತ್ತನೆಯ ಈ ಹದಕ್ಕೆ ಕನ್ನಡದಲ್ಲಿ ‘ಬೆದೆ’ ಎಂಬ ಮಾತಿದೆ. ಕುರಿ, ಎಮ್ಮೆ ಗಬ್ಬಕ್ಕೆ ಸಿದ್ಧವಾದರೂ ‘ಬೆದೆಗೆ ಬಂತು’ ಎನ್ನುತ್ತೇವೆ. ಬಸಿರು ನಿಲ್ಲಬೇಕಾದರೆ ಗರ್ಭಕೋಶದ ಒಳಪದರವೆಂಬ ನೆಲಕ್ಕೂ ಹದ ಬರಬೇಕೆಂಬ ಸಂಗತಿಯನ್ನು ಜೀವವಿಜ್ಞಾನ ಮೂರು ಹಂತಗಳಲ್ಲಿ ಕಂಡುಕೊಂಡಿತು. ಮೊದಲೆರಡರಲ್ಲಿ ಕರ್ನಾಟಕದ ಪಾಲೂ ಇದೆ.

ಮೊದಲ ಹಂತ ರಚನೆಯದು. 1907ರ ಸುಮಾರಿಗೆ ಲಿಯೊ ಲೋಬ್ ಗಿನಿಯಿಲಿಯ ಗರ್ಭಕೋಶವನ್ನು ಸರಿಯಾದ ದಿನಗಳಲ್ಲಿ ಗೀರಿ ನೋಡಿದರು. ಭ್ರೂಣವೇ ಇಲ್ಲದಿದ್ದರೂ ಒಳಪದರ ಬಸಿರಿನಲ್ಲಿ ಆಗುವಂತೆ ದಪ್ಪವಾಗಿ ಬೆಳೆಯಿತು. ಮೈಸೂರು ವಿಶ್ವವಿದ್ಯಾಲಯದ ಎ. ಸುಬ್ಬರಾವ್, ಲಂಡನ್ನಿನ ಜೆ.ಪಿ. ಹಿಲ್ ಮೊದಲಾದವರೊಡನೆ 1928ರಲ್ಲಿ ಕಾಡುಪಾಪದ ಭ್ರೂಣಪೊರೆಗಳ ಅಧ್ಯಯನ ಪ್ರಕಟಿಸಿದರು. ಭ್ರೂಣ ಈ ನೆಲಕ್ಕೆ ಕೂಡುವ ಬಗೆ ಎಲ್ಲ ಪ್ರಾಣಿಗಳಲ್ಲಿ ಒಂದೇ ಅಲ್ಲ: ಮನುಷ್ಯರ ಭ್ರೂಣ ಒಳಪದರವನ್ನು ಕೊರೆದು ಇಳಿಯುತ್ತದೆ. ಕಾಡುಪಾಪದ್ದು ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ.

ಎರಡನೆಯದು ಹಾರ್ಮೋನಿನ ಹಂತ. 1929ರಲ್ಲಿ ಕಾರ್ನರ್ ಮತ್ತು ಆ್ಯಲೆನ್, ಅಂಡಾಶಯ ತೆಗೆದ ಮೊಲಗಳಲ್ಲಿ ಪೀತಪಿಂಡದ (ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಮೂಡುವ ಗ್ರಂಥಿಯ) ಸಾರದಿಂದಲೇ ಬಸಿರು ಉಳಿಸಿದರು. ಆ ಸಾರದ ಸತ್ವವೇ ಪ್ರೊಜೆಸ್ಟೆರಾನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರ ಬಳಗ 1970ರ ಹೊತ್ತಿಗೆ ಇದರ ಹಿಂದಿನ ಕೊಂಡಿಯನ್ನು ಹಿಡಿಯಿತು. ಇಲಿಗಳಲ್ಲಿ ಪಿಟ್ಯುಟರಿಯ ಎಲ್‌ಎಚ್ ಹಾರ್ಮೋನನ್ನು ಪ್ರತಿಕಾಯಗಳಿಂದ ಕಟ್ಟಿಹಾಕಿದಾಗ ಬಸಿರು ಕರಗಿತು, ಪ್ರೊಜೆಸ್ಟೆರಾನ್ ಕೊಟ್ಟಾಗ ಉಳಿಯಿತು. ಮಹಿಳೆಯರಲ್ಲಿ ಭ್ರೂಣ ನೆಲೆಗೊಳ್ಳುವುದು ಹೆಚ್ಚಾಗಿ ಅಂಡ ಬಿಡುಗಡೆಯಾದ 8ರಿಂದ 10ನೆಯ ದಿನದೊಳಗೆ ಎಂದು 1999ರಲ್ಲಿ ವಿಲ್ಕಾಕ್ಸ್ ತಂಡ ತೋರಿಸಿತು. ಬೆದೆಗೆ ತಾರೀಕು ಸಿಕ್ಕಿತು.

ಒಳಪದರವನ್ನು ಹದಗೊಳಿಸಲು ಒಂದೇ ಹಾರ್ಮೋನು ಅಲ್ಲಿನ ಹಲವು ಜೀನ್‌ಗಳನ್ನು ಒಟ್ಟಿಗೆ ಪಳಗಿಸುವುದು ಹೇಗೆ? ಮೂರನೆಯ ಹಂತ ಹುಟ್ಟಿದ್ದು ಈ ಪ್ರಶ್ನೆಯಿಂದ. ಡಿಎನ್‌ಎಯ ಅಕ್ಷರ ಬದಲಾಗದೆ, ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ಬೀಳುವ ರಾಸಾಯನಿಕ ಗುರುತು ಜೀನ್‌ಗೆ ಬೀಗ ಹಾಕಬಲ್ಲದು. ಇದು ಎಪಿಜೆನೆಟಿಕ್ ನಿಯಂತ್ರಣದ ಒಂದು ಬಗೆ. ಮನುಷ್ಯರ ಒಳಪದರದ ಕೋಶಗಳು ಬಸಿರಿಗೆ ಅಣಿಯಾಗುವಾಗ ಬೀಗ ಹಾಕುವ ಇಝಡ್‌ಎಚ್2 ಕಿಣ್ವ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಜೀನ್ ತೆರೆಯುತ್ತದೆ ಎಂದು 2011ರಲ್ಲಿ ತಿಳಿಯಿತು. ಮರುವರ್ಷ ಇಲಿಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು: ರೋಗನಿರೋಧಕ ಟಿ ಕೋಶಗಳನ್ನು ಕರೆಯುವ ಜೀನ್‌ಗಳಿಗೆ ಅದೇ ಬಗೆಯ ಬೀಗ ಬಿದ್ದು, ಅರ್ಧ ಪರಕೀಯವಾದ ಭ್ರೂಣಕ್ಕೆ ರಕ್ಷಣೆ ಸಿಗುತ್ತದೆ.

ಇಲಿಯ ಒಳಪದರ ಹೀಗೆ ಮಾರ್ಪಡಲು ಭ್ರೂಣ ಬಂದು ಮುಟ್ಟಬೇಕು. ಮನುಷ್ಯರಲ್ಲಿ ಅದು ಕಾಯುವುದಿಲ್ಲ. ತಿಂಗಳು ತಿಂಗಳು ತಾನೇ ಅಣಿಯಾಗಿ, ಬಸಿರು ನಿಲ್ಲದಿದ್ದರೆ ಉದುರಿ, ಮತ್ತೆ ಬೆಳೆಯುತ್ತದೆ. ಎರೆಹೊಲಕ್ಕೆ ವರ್ಷಕ್ಕೊಮ್ಮೆ ಬರುವ ಹಿಂಗಾರಿ ಬೆದೆ ಈ ನೆಲಕ್ಕೆ ತಿಂಗಳಿಗೊಮ್ಮೆ.