ಫ್ಲೂ ಲಸಿಕೆಯ ಅಡ್ಡಪರಿಣಾಮ: ಯಾವುದು ಸಹಜ, ಯಾವುದು ಅಪಾಯ?

ಫ್ಲೂ ಲಸಿಕೆ ಹಾಕಿಸಿಕೊಂಡವರಲ್ಲಿ ಹಲವರಿಗೆ ತೋಳು ನೋಯುತ್ತದೆ, ಕೆಲವರಿಗೆ ಮೈ ಬಿಸಿಯಾಗುತ್ತದೆ. ಹೆಚ್ಚಿನವರಲ್ಲಿ ಇವು ಎರಡು ದಿನದೊಳಗೆ ತಾವಾಗಿಯೇ ಇಳಿಯುತ್ತವೆ. ಜೀವಕ್ಕೆ ಕುತ್ತು ತರುವ ಪ್ರತಿಕ್ರಿಯೆ ತೀರಾ ಅಪರೂಪ. ತೊಂದರೆ ಯಾವಾಗ ಶುರುವಾಯಿತು, ಎಷ್ಟು ದಿನ ಉಳಿಯಿತು ಎಂಬ ಲೆಕ್ಕ ಇಟ್ಟುಕೊಂಡರೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ.

ಪ್ರತಿ ವರ್ಷ ಯಾಕೆ?

2009ರ ಎಚ್1ಎನ್1 ಹಾವಳಿ ಕನ್ನಡಿಗರ ಬಾಯಲ್ಲಿ ‘ಹಂದಿಜ್ವರ’ವಾಗಿ ಉಳಿದಿದೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಿಂದ ಎಚ್3ಎನ್2 ಸಾವಿನ ಸುದ್ದಿ ಬಂತು. ಎರಡೂ ಫ್ಲೂ ವೈರಾಣುಗಳೇ. ಇವು ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು.

ನಮ್ಮಲ್ಲಿ ಫ್ಲೂ ಏರುವುದು ಮುಖ್ಯವಾಗಿ ಮಳೆಗಾಲದಲ್ಲಿ. ಚಳಿ ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಲಸಿಕೆಯ ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಮುಂಗಾರಿಗೆ ಮೊದಲೇ, ಏಪ್ರಿಲ್–ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಇರುವವರು ಮತ್ತು ಆರು ತಿಂಗಳು ದಾಟಿದ ಸಣ್ಣ ಮಕ್ಕಳಿಗೆ ಇದರ ಅಗತ್ಯ ಹೆಚ್ಚು.

ತೋಳು ನೋವು, ಜ್ವರ ಯಾಕೆ?

ಚುಚ್ಚುಮದ್ದಿನ ಲಸಿಕೆಯಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ವೈರಾಣು ಅಥವಾ ಅದರ ತುಣುಕು. ಅದರಿಂದ ಫ್ಲೂ ಬರುವುದಿಲ್ಲ. ತೋಳಿನ ಸ್ನಾಯುವಿಗೆ ಹೊಸ ವಸ್ತು ಸೇರಿದ್ದನ್ನು ರೋಗನಿರೋಧಕ ಕಣಗಳು ಗುರುತಿಸಿ ಅಲ್ಲಿಗೆ ಧಾವಿಸುತ್ತವೆ. ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಅವು ಹೊರಸೂಸುವ ರಾಸಾಯನಿಕಗಳಿಂದ ಸಣ್ಣ ಜ್ವರ, ತಲೆನೋವು, ಮೈಕೈ ನೋವು, ಸುಸ್ತು ಕಾಣಿಸಬಹುದು. ಹಾಗೆಂದು ಜ್ವರ ಬಾರದವರಿಗೆ ಲಸಿಕೆ ಹತ್ತಲಿಲ್ಲ ಎಂದಲ್ಲ.

ಬ್ಯಾಡಗಿಯ ಘಾಟು, ಲಸಿಕೆಯ ಜ್ವರ

ಲಸಿಕೆಗೆ ಸೂಕ್ತವಾದ ಏಪ್ರಿಲ್–ಮೇ ತಿಂಗಳುಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಸುಗ್ಗಿ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಚೀಲ ಸುರಿಯುವಾಗ, ತೊಟ್ಟು ಬಿಡಿಸುವಾಗ ಏಳುವ ಘಾಟಿಗೆ ಸೀನು, ಕೆಮ್ಮು, ಕಣ್ಣುರಿ ಸಾಮಾನ್ಯ. ಲಸಿಕೆಯ ಮರುದಿನ ಹೀಗಾದರೆ ‘ಸೂಜಿಯಿಂದಲೇ ನೆಗಡಿಯಾಯ್ತು’ ಎನ್ನುವವರಿದ್ದಾರೆ. ಘಾಟು, ಲಸಿಕೆ, ಫ್ಲೂ ಮೂರರ ಲಕ್ಷಣಗಳನ್ನೂ ಹೀಗೆ ಬಿಡಿಸಿ ನೋಡಬಹುದು:

- ಘಾಟು: ಮಾರುಕಟ್ಟೆಯ ಪ್ರಾಂಗಣದಲ್ಲಿ ಶುರುವಾಗಿ, ಹೊರಬಂದ ಮೇಲೆ ತಗ್ಗುತ್ತದೆ. ಜ್ವರ ಇರುವುದಿಲ್ಲ.
- ಲಸಿಕೆ: ತೋಳು ನೋವಿನ ಜೊತೆ ಸಣ್ಣ ಜ್ವರ ಇರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಮ್ಮು, ಸುರಿಯುವ ಮೂಗು ಇದರ ಲಕ್ಷಣವಲ್ಲ.
- ಫ್ಲೂ: ಒಮ್ಮೆಲೇ ಏರುವ ಜ್ವರ, ಗಂಟಲು ನೋವು, ಒಣಕೆಮ್ಮು, ಏಳಲಾಗದಷ್ಟು ಸುಸ್ತು, ಹಲವು ದಿನ ಕಾಡುತ್ತದೆ.

ಘಾಟಿಗೆ ಉಬ್ಬಸ ಕೆರಳಿ ಎದೆ ಬಿಗಿದರೆ ಮಾತ್ರ ಯಾವ ಲೆಕ್ಕಾಚಾರವೂ ಬೇಡ, ಕೂಡಲೇ ವೈದ್ಯರಲ್ಲಿ ಹೋಗಬೇಕು.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವ್ಯಾಪಾರ ಜೋರು. ಚೀಲ ಎತ್ತುವ ಹಮಾಲರು ಗುರುವಾರದ ಕೆಲಸ ಮುಗಿಸಿ ಸಂಜೆ ಲಸಿಕೆ ಹಾಕಿಸಿಕೊಂಡರೆ ಸೋಮವಾರದ ಹೊತ್ತಿಗೆ ತೋಳು ಸಾಮಾನ್ಯವಾಗಿ ಸರಿಹೋಗಿರುತ್ತದೆ. ಬಲಗೈ ಬಳಸುವವರು ಎಡತೋಳು ಕೊಡುವುದು ಜಾಣತನ.

ಮನೆಯಲ್ಲಿ ಏನು ಮಾಡಬೇಕು?

ಚುಚ್ಚಿದ ಜಾಗದ ಮೇಲೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ. ತಿಕ್ಕುವುದು, ಸುಣ್ಣ–ಅರಿಶಿನ ಹಚ್ಚುವುದು ಬೇಡ. ತೋಳನ್ನು ಕಟ್ಟಿಹಾಕಿದಂತೆ ಇಡದೆ ಮೆಲ್ಲಗೆ ಆಡಿಸುತ್ತಿರಿ. ಬಿಸಿಲ ಕಾಲವಾದ್ದರಿಂದ ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ.

ಜ್ವರ, ನೋವು ತಾಳಲಾಗದಿದ್ದರೆ ದೊಡ್ಡವರು 500 ಅಥವಾ 650 ಮಿಲಿಗ್ರಾಂನ ಪ್ಯಾರಸಿಟಮಾಲ್ ಒಂದು ಮಾತ್ರೆ ತೆಗೆದುಕೊಳ್ಳಬಹುದು. ಮತ್ತೆ ಬೇಕಾದರೆ ಆರು ಗಂಟೆ ಬಿಡಬೇಕು. ದಿನಕ್ಕೆ ನಾಲ್ಕು ದಾಟಬಾರದು. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಎರಡನ್ನೂ ಕೂಡಿಸಿ ನುಂಗಬಾರದು. ಯಕೃತ್ತಿನ ಕಾಯಿಲೆ ಇರುವವರು, ಕುಡಿತದ ರೂಢಿ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಮಕ್ಕಳಿಗೆ ತೂಕದ ಲೆಕ್ಕ: ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಆಯಿತು. ಸಿರಪ್‌ನ ಬಾಟಲಿಗಳಲ್ಲಿ ಔಷಧದ ಪ್ರಮಾಣ ಬೇರೆಬೇರೆ ಇರುವುದರಿಂದ ಚಮಚದ ಅಂದಾಜು ನಂಬದೆ ವೈದ್ಯರು ಬರೆದಷ್ಟೇ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ತಡಮಾಡಬಾರದ ಲಕ್ಷಣಗಳು

ತೀವ್ರ ಅಲರ್ಜಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಾಣಿಸುತ್ತದೆ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕಾಗಿಯೇ. ತುಟಿ–ಮುಖ ಊದುವುದು, ಮೈತುಂಬ ದದ್ದು, ಉಸಿರಾಟಕ್ಕೆ ಕಷ್ಟ, ಕಣ್ಣು ಕತ್ತಲೆ ಬಂದು ಕುಸಿಯುವುದು ಇದರ ಲಕ್ಷಣ. ಅಡ್ರಿನಾಲಿನ್ ಚುಚ್ಚುಮದ್ದು ಇದಕ್ಕೆ ಮದ್ದು. ಮನೆಗೆ ಬಂದ ಮೇಲೆ ಹೀಗಾದರೆ 108ಕ್ಕೆ ಕರೆ ಮಾಡಿ. ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸಿನಲ್ಲಿ ಮಾತ್ರ ಇಂಥ ಅಲರ್ಜಿ ಕಂಡುಬರುತ್ತದೆ. ಸೂಜಿ ಕಂಡೇ ತಲೆಸುತ್ತುವವರದು ಬೇರೆ ವಿಷಯ. ಅವರನ್ನು ಮಲಗಿಸಿ ಕಾಲು ಎತ್ತರಿಸಿದರೆ ಬೇಗ ಚೇತರಿಸಿಕೊಳ್ಳುತ್ತಾರೆ.

ಲಸಿಕೆ ಹಾಕಿಸಿಕೊಂಡ ಆರು ವಾರದೊಳಗೆ ಕಾಲಿನಿಂದ ಶುರುವಾಗಿ ಮೇಲೇರುವ ನಿಶ್ಶಕ್ತಿ, ಜೋಮು ಕಂಡರೆ ಗಿಲನ್–ಬಾರೆ ಎಂಬ ನರಗಳ ಕಾಯಿಲೆ ಇರಬಹುದೇ ಎಂದು ನೋಡಬೇಕು. 1976ರಲ್ಲಿ ಅಮೆರಿಕದ ಹಂದಿಜ್ವರ ಲಸಿಕೆಯಿಂದ ಲಕ್ಷಕ್ಕೆ ಸುಮಾರು ಒಂದು ಪ್ರಕರಣ ಹೆಚ್ಚಾಗಿ ಆ ಅಭಿಯಾನವೇ ನಿಂತಿತು. ಇಂದಿನ ಲಸಿಕೆಗಳಲ್ಲಿ ಹೆಚ್ಚುವರಿ ಅಪಾಯ ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡು. ಫ್ಲೂ ಬಂದವರಲ್ಲೇ ಈ ಕಾಯಿಲೆಯ ಸಾಧ್ಯತೆ ಇದಕ್ಕಿಂತ ಹೆಚ್ಚು.

ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮೂರು ದಿನ ಕಳೆದರೂ ಇಳಿಯದಿದ್ದರೆ, ಮಗುವಿಗೆ ಫಿಟ್ಸ್ ಬಂದರೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಅಥವಾ ರಾಣೆಬೆನ್ನೂರು, ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ದಾಖಲೆ ಮತ್ತು ಮುಂದಿನ ವರ್ಷ

ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಇರುವ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಗಂಭೀರ ತೊಂದರೆಯಾದರೆ ಲಸಿಕೆ ಕೊಟ್ಟವರಿಗೆ ತಿಳಿಸಬೇಕು. ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ಹೇಳಬಹುದು.

ಕಳೆದ ಸಲ ತೋಳು ನೋವು, ಜ್ವರ ಬಂದಿತ್ತು ಎಂಬುದು ಈ ವರ್ಷ ಲಸಿಕೆ ಬಿಡಲು ಕಾರಣವಲ್ಲ. ಉಸಿರು ಕಟ್ಟಿತ್ತು, ಕಾಲು ಸೋತಿತ್ತು ಎನ್ನುವುದಾದರೆ ಸೂಜಿಗೆ ತೋಳು ಕೊಡುವ ಮೊದಲೇ ವೈದ್ಯರಿಗೆ ಹೇಳಬೇಕು.