ಒಂದು ಸಾಲು ತಿದ್ದಿದ್ದಕ್ಕೆ 924 ಬಾಕ್!

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ಸಹೋದ್ಯೋಗಿಯೊಬ್ಬ ನನ್ನನ್ನು ಬೇಸ್‌ಬಾಲ್ ಮ್ಯಾಚಿಗೆ ಎಳೆದುಕೊಂಡು ಹೋಗಿದ್ದ. ಪಿಚರ್ ಇನ್ನೂ ಚೆಂಡು ಎಸೆದೇ ಇರಲಿಲ್ಲ. ಅಂಪೈರ್ ಏನೋ ಕೂಗಿದ. ಒಂದನೇ ಬೇಸಿನಲ್ಲಿದ್ದ ರನ್ನರ್ ಆರಾಮಾಗಿ ಎರಡನೆಯದಕ್ಕೆ ನಡೆದುಕೊಂಡು ಹೋದ! "ಬಾಕ್" ಅಂದ ಗೆಳೆಯ. ಹಾಗಂದ್ರೆ? ಅಂದಿದ್ದಕ್ಕೆ ಅವನೂ ತಲೆ ಕೆರೆದುಕೊಂಡ :-)

ಆಮೇಲೆ ಕೂತು ಓದಿದೆ. ಬೇಸಿನಲ್ಲಿ ರನ್ನರ್ ಇದ್ದಾಗ ಪಿಚರ್ ಅವನನ್ನು ಯಾಮಾರಿಸಬಾರದು, ಇಷ್ಟೇ ವಿಷಯ. ಎಸೆಯಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರೆ ಬಾಕ್. ಒಂದನೇ ಬೇಸಿಗೆ ಎಸೆಯುವಾಗ ಆ ಕಡೆ ಹೆಜ್ಜೆ ಇಡದಿದ್ದರೂ ಬಾಕ್. ಆದರೆ ಕಾಲಡಿಯ ರಬ್ಬರ್ ಪಟ್ಟಿಯಿಂದ ಹಿಂದಕ್ಕೆ ಇಳಿದುಬಿಟ್ಟರೆ ಅವನೂ ಬರೀ ಫೀಲ್ಡರ್, ಆಗ ಎಸೆದಂತೆ ನಟಿಸಬಹುದು! ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ 1845ರ ನಿಯಮಗಳಲ್ಲೇ ಬಾಕ್ ಇದೆ.

ನಮ್ಮ ಕ್ರಿಕೆಟ್ಟಿನಲ್ಲಿ ಇದು ತಲೆಕೆಳಗು. 1947ರಲ್ಲಿ ವಿನೂ ಮಂಕಡ್ ಸಿಡ್ನಿಯಲ್ಲಿ ಬಿಲ್ ಬ್ರೌನ್‌ನನ್ನು ರನ್‌ಔಟ್ ಮಾಡಿದಾಗಿಂದ ಜಗಳವಾಡುತ್ತಲೇ ಇದ್ದೇವೆ, ಕ್ರೀಸ್ ಬಿಟ್ಟು ಮುಂದೆ ಹೋದವನದು ತಪ್ಪೋ, ಔಟ್ ಮಾಡಿದವನದೋ ಅಂತ. ಬೇಸ್‌ಬಾಲಿನಲ್ಲಿ ಮುಂದೆ ಹೋಗೋದು ತಪ್ಪೇ ಅಲ್ಲ, ಕಟ್ಟುಪಾಡೆಲ್ಲ ಪಿಚರ್‌ಗೆ.

ಮನಸ್ಸಿನಲ್ಲಿರುವ ಮೋಸ ಅಂಪೈರ್‌ಗೆ ಹೇಗೆ ಕಾಣಬೇಕು? ಅವನು ನೋಡೋದು ಕೈಕಾಲು ಮಾತ್ರ. 1961ರ ಆಲ್‌ಸ್ಟಾರ್ ಪಂದ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಗಾಳಿಗೆ ಸ್ಟು ಮಿಲ್ಲರ್ ಓಲಾಡಿಬಿಟ್ಟರು. ಅದಕ್ಕೂ ಬಾಕ್! ಪಾಪ.

ನನಗೆ ತುಂಬಾ ಹಿಡಿಸಿದ್ದು 1988ರ ಕಥೆ. ಎರಡೂ ಕೈ ಜೋಡಿಸಿದ ಮೇಲೆ ಪಿಚರ್ ಪೂರ್ತಿ ನಿಂತು ಆಮೇಲೆ ಎಸೆಯಬೇಕು ಅಂತ ಮೊದಲೇ ಇತ್ತು. ಆ ವರ್ಷ ಅದನ್ನು, ಎರಡೂ ಪಾದ ನೆಲದ ಮೇಲಿಟ್ಟು, ಕಣ್ಣಿಗೆ ಕಾಣುವಂತೆ ನಿಲ್ಲಬೇಕು ಅಂತ ತಿದ್ದಿದರು. 1987ರಲ್ಲಿ 356 ಇದ್ದ ಬಾಕ್‌ಗಳು 924ಕ್ಕೆ ಏರಿದವು! ಓಕ್‌ಲ್ಯಾಂಡಿನ ಡೇವ್ ಸ್ಟೂವರ್ಟ್ ಒಬ್ಬರದೇ 16, ಅದೇ ವರ್ಷ ಅವರು 21 ಪಂದ್ಯ ಗೆದ್ದಿದ್ದರು ಕೂಡ. ವರ್ಷಗಟ್ಟಲೆ ಅಭ್ಯಾಸವಾದ ಕೈಚಳಕ ರಾತ್ರೋರಾತ್ರಿ ಅಪರಾಧವಾಯಿತಲ್ಲ! ರಿಕ್ವೈರ್‌ಮೆಂಟಿನಲ್ಲಿ ಒಂದು ಸಾಲು ಬದಲಾಗಿ ಓಡುತ್ತಿದ್ದ ಕೋಡೆಲ್ಲ ಬಗ್ ಆದ ದಿನಗಳು ನೆನಪಾದವು. ಮುಂದಿನ ವರ್ಷವೇ ತಿದ್ದುಪಡಿಯನ್ನು ಕೈಬಿಟ್ಟರು.

ಹಗ್ಗಜಗ್ಗಾಟ ಮುಗಿದಿಲ್ಲ. 2013ರಲ್ಲಿ ಮೂರನೇ ಬೇಸಿಗೆ ಎಸೆದಂತೆ ನಟಿಸಿ ಒಂದನೆಯದಕ್ಕೆ ತಿರುಗುವ ಹಳೇ ಆಟ ನಿಂತಿತು. 2023ರಿಂದ ಒಬ್ಬ ಬ್ಯಾಟರ್ ಎದುರು ಪಿಚರ್ ಎರಡು ಸಲ ಮಾತ್ರ ರನ್ನರ್ ಕಡೆ ಎಸೆಯಬಹುದು ಅಥವಾ ರಬ್ಬರ್ ಬಿಟ್ಟಿಳಿಯಬಹುದು. ಮೂರನೇ ಸಲ ಪ್ರಯತ್ನಿಸಿ ಯಾರೂ ಔಟಾಗದಿದ್ದರೆ, ಬಾಕ್.